ಮೂರನೆಯ ಸ್ಟಡ್ಡು

ನಾಸಿಕ್ ರೋಡ್
ತಾ. ೯-೨-೧೯೭೪, ಶನಿವಾರ

ಚಿ. ಸೌ. ಸಂಗಮ್ಮನಿಗೆ ಗುರುಲಿಂಗಪ್ಪನ ಆಶೀರ್ವಾದ.

ನಿನ್ನ ಮೊಣಕಾಲು ಹೇಗಿದೆ? ಔರಂಗಾಬಾದಿನಲ್ಲಿ ನಿನ್ನ ತಮ್ಮ ಶಿವರಾಯನ ಮನೆ ಮಾಳಿಗೆಯ ಮೇಲಿದೆ, ಹದಿನೆಂಟು ಮೆಟ್ಟಿಲು ಎಂದು ನನಗೆ ನೆನಪಿದೆ. ಹತ್ತಿ ಇಳಿಯುವಾಗ ಗೋಡೆ ಹಿಡಿದುಕೋ. ಎಳ್ಳೆಣ್ಣೆ ಕಾಸಿ ತಿಕ್ಕುವುದನ್ನು ಬಿಡಬೇಡ. ಶಿವರಾಯನ ದಮ್ಮು, ಅವನ ಹೆಂಡತಿ ಮನೋರಮಾಳ ಹಲ್ಲುನೋವು ಕಡಿಮೆಯಾಗಿರಬೇಕು. ನಾನು ಇಲ್ಲಿ ಇದ್ದೇನೆ. ಚೆನ್ನಾಗಿದ್ದೇನೆ ಎಂದು ಬರೆಯುವ ಸುಳ್ಳು ನನ್ನಿಂದ ಆಗದು. ಹನ್ನೊಂದು ದಿನದಿಂದ ಜೋಳದ ರೊಟ್ಟಿಯ ಮುಖ ಕಂಡಿಲ್ಲ. ಸ್ಟೇಷನ್ನಿನ ಎದುರು ಮಂಗಳೂರಿನವರ ಹೋಟೆಲಿನಲ್ಲಿ ಇಡ್ಲಿ ತಿಂದು ತಿಂದು ಹೊಟ್ಟೆ ಹತ್ತಿಯ ಅಂಡಿಗೆಯಾಗಿದೆ. ಚಹಾ ನಾನೇ ಮಾಡಿಕೊಳ್ಳುತ್ತೇನೆ, ಕಪ್ಪಿನ ಕೆಳಗಿನ ಬಸಿಯಲ್ಲಿ ಅರ್ಧ ಚೆಲ್ಲುತ್ತದೆ. ನೀನು ತಂದ ಆ ಹೊಸ ಬಸಿಗಳು ಸರಿಯಿಲ್ಲ. ಮೊನ್ನೆ ಹಪ್ಪಳ ಸುಡಲು ಹೋಗಿ ಬೆರಳು ಸುಟ್ಟುಕೊಂಡೆ. ಆಗ ಒಂದು ನೆನಪಾಯಿತು. ನಮ್ಮ ವಿಶ್ವನಾಥ ಐದು ವರ್ಷದವನಿದ್ದಾಗ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹಪ್ಪಳ ಹಿಡಿದಿದ್ದ. ನಾನು ಸುಡು ಅಂದೆ, ಅವನು ಕೈಬಿಟ್ಟ, ಹಪ್ಪಳ ಕೆಂಡದೊಳಗೆ ಬಿತ್ತು. ನಾನು ತಲೆಗೆ ಮೊಟಕಿದೆ. ನೀನು ಸೆರಗನ್ನು ಬಾಯಿಗೆ ಹಿಡಿದು ನಕ್ಕೆ. ಯಾಕೆ ನಕ್ಕೆ ಎಂದು ಆಗ ನಾನು ಕೇಳಲಿಲ್ಲ. ಈಗ ಕೇಳುವವನಿದ್ದೇನೆ. ಸ್ವಲ್ಪ ತಡೆ.

ಈ ಕಾಗದವನ್ನು ಯಾರು ಓದುತ್ತಾರೆಂದು ನನಗೆ ಗೊತ್ತಿದೆ. ನಿನಗೆ ಅಕ್ಷರ ಬಾರದು. ಶಿವರಾಯ ನಿಜಾಮರ ಕಾಲದ ಶಾಲೆಯವನು, ಉರ್ದು ಓದುತ್ತಾನೆ, ಅಂಗಡಿಯ ಸಲುವಾಗಿ ಮರಾಠಿ ಓದುತ್ತಾನೆ, ಕನ್ನಡದ ಅಕ್ಷರ ಅವನ ಕಣ್ಣಿಗೆ ಜಿಲೇಬಿ. ಆ ಮನೆಯಲ್ಲಿ ಕನ್ನಡ ಓದುವವನು ಒಬ್ಬನೇ, ನಿನ್ನ ಮಗ, ಅವನಿಗೆ ಕಲಿಸಿದವನು ನಾನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ನಿಜ. ಆದರೆ ಭಾಲ್ಕಿಯ ಕಡೆಯ ನಮ್ಮೂರ ಮಠದಲ್ಲಿ ಅಯ್ಯನವರ ಬೆತ್ತಕ್ಕೆ ಹೆದರಿ ಕಲಿತ ಅಕ್ಷರಗಳನ್ನು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಮರಾಠಿ ಶಾಲೆಗೆ ಹೋಗುವ ಹುಡುಗನಿಗೆ ದಿನಕ್ಕೆ ನಾಲ್ಕರಂತೆ ತಿದ್ದಿಸಿದ್ದೇನೆ. ಹೀಗಾಗಿ ಓದುವವನಿಗೆ ಮೊದಲೇ ಹೇಳಿಡು: ಇದು ನಿನಗೆ ಬರೆದದ್ದು, ಅವನಿಗಲ್ಲ. ಅವನ ಕೂಡ ನನಗೆ ಮಾತಿಲ್ಲ. ಆದರೆ ಒಂದು ಅಕ್ಷರ ನುಂಗದೆ, ಗ್ಯಾಸು ಸೋರಿದಂತೆ ಬುಸುಬುಸು ಅನ್ನದೆ ಗಟ್ಟಿಯಾಗಿ ಓದಲಿ.

ಆ ಮಂಗಳವಾರ ನೀನು ಮನೆಯಲ್ಲಿದ್ದೆ, ಗ್ಯಾರೇಜಿನಲ್ಲಿ ನಡೆದದ್ದನ್ನು ಕಣ್ಣಿನಿಂದ ನೋಡಿದವಳಲ್ಲ. ಮಗ ಬಂದ, ಮುಖ ಊದಿಸಿಕೊಂಡು ಟ್ರಂಕು ತುಂಬಿದ. ನೀನು ನನ್ನನ್ನು ಒಂದು ಮಾತು ಕೇಳದೆ ನಿನ್ನ ಸೀರೆಗಳನ್ನೂ ಅದೇ ಟ್ರಂಕಿಗೆ ತುಂಬಿದೆ. ಹೋಗುವಾಗ, ಅವನನ್ನು ನೀವು ಕರೆಯೋತನಕ ನಾನೂ ಬರಂಗಿಲ್ಲ ಅಂದೆ. ಮೂವತ್ತು ವರ್ಷ ಸಂಸಾರ ಮಾಡಿದವಳು ಕೇಳಬೇಕಾದ್ದು ಒಂದು ಕಡೆಯ ಮಾತೇ? ಕೋರ್ಟಿನಲ್ಲಿ ಕಳ್ಳನನ್ನೂ ನಿಲ್ಲಿಸಿ ಏನಪ್ಪಾ ನಿನ್ನ ಹೇಳಿಕೆ ಎಂದು ಕೇಳುತ್ತಾರೆ. ನನ್ನ ಹೇಳಿಕೆ ಈಗ ಕೇಳು.

ಸಾತಪುರದಲ್ಲಿ ಕಾರ್ಖಾನೆ ಇಟ್ಟಿರುವ ಮೋಹನದಾಸ ಸೇಠರು ದಿಲ್ಲಿಯಲ್ಲಿ ಯಾವುದೋ ದೇಶದ ರಾಯಭಾರಿ ಬಿಟ್ಟುಹೋದ ಕಾರನ್ನು ಹರಾಜಿನಲ್ಲಿ ಹಿಡಿದು ತಂದಿದ್ದಾರೆ. ಬಾಗಿಲು ತೆಗೆದರೆ ಮೆತ್ತನೆಯ ಹಾಸಿಗೆ, ಬಾನೆಟ್ಟು ತೆಗೆದರೆ ನರಕ. ಅದಕ್ಕೆ ಟರ್ಬೊ ಇದೆಯಂತೆ. ಟರ್ಬೊ ಅಂದರೆ ಏನೆಂದು ಶಿವರಾಯ ಕೇಳಿದರೆ ಹೀಗೆ ಹೇಳು: ಕುಲುಮೆಗೆ ತಿದಿ ಇರುತ್ತದಲ್ಲ, ಗಾಳಿ ಊದುವುದಕ್ಕೆ. ಈ ಕಾರಿನಲ್ಲಿ ಹೊರಗೆ ಹೋಗುವ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಇಂಜಿನ್ನಿನೊಳಗೆ ತಿದಿಯ ಹಾಗೆ ಗಾಳಿ ತುಂಬುತ್ತದೆ. ಹೊಗೆಗೇ ಕೂಲಿ ಹಚ್ಚಿದವರು ಅವರು. ನಿಜಾಮರ ಬಸ್ ಡಿಪೋದಲ್ಲಿ, ಅದೇ ನಿಮ್ಮ ಔರಂಗಾಬಾದಿನಲ್ಲಿ, ಹದಿನೈದು ವರ್ಷ ಇಂಜಿನ್ನು ಬಿಚ್ಚಿದ್ದೇನೆ, ಇಂಥದನ್ನು ಕಂಡಿರಲಿಲ್ಲ. ಆ ಟರ್ಬೊ ಹೊಗೆಯ ಕೊಳವೆಗೇ ಜೋತುಬಿದ್ದಿದೆ, ಕೂಸು ತಾಯಿಯ ಸೊಂಟಕ್ಕೆ ಜೋತುಬಿದ್ದ ಹಾಗೆ. ಕೂಸು ಮಾತ್ರ ಕಬ್ಬಿಣದ್ದು. ಕೊಳವೆಗೆ ಮೆನಿಫೋಲ್ಡು ಅನ್ನುತ್ತಾರೆ. ಅದನ್ನು ಇಂಜಿನ್ನಿಗೆ ಹಿಡಿದಿಡುವುದು ಎಂಟು ಸ್ಟಡ್ಡು. ಸ್ಟಡ್ಡು ಅಂದರೆ ತಲೆಯಿಲ್ಲದ ಬೋಲ್ಟು, ಒಂದು ತುದಿ ಇಂಜಿನ್ನಿನೊಳಗೆ ಕಚ್ಚಿರುತ್ತದೆ, ಇನ್ನೊಂದು ತುದಿಗೆ ನಟ್ಟು. ಓಡುವಾಗ ಎಲ್ಲ ಕೆಂಡ, ನಿಂತಾಗ ತಣ್ಣಗೆ. ಹಿಗ್ಗಿ ಕುಗ್ಗಿ, ಹಿಗ್ಗಿ ಕುಗ್ಗಿ, ಮೇಲೆ ಆ ಕೂಸಿನ ಭಾರ, ಸ್ಟಡ್ಡುಗಳಾದರೂ ಎಷ್ಟಂತ ತಡೆದಾವು? ಕಾರು ನಮ್ಮಲ್ಲಿಗೆ ಬಂದಾಗಲೇ ಎರಡು ಮುರಿದಿದ್ದವು. ಚಾಲೂ ಮಾಡಿದರೆ ಹಲ್ಲಿ ಲೊಚಗುಟ್ಟಿದ ಹಾಗೆ ಸದ್ದು, ಒಳಗೆ ಕೂತವರಿಗೆ ಹೊಗೆಯ ವಾಸನೆ. ಡ್ರೈವರನಿಗೆ ಕೇಳಿದರೆ ಮೊದಲಿನಿಂದ ಹಾಗೇ ಇದೆ ಕಾಕಾ ಅನ್ನುತ್ತಾನೆ. ಮನೆಗೆ ಬೆಂಕಿ ಬಿದ್ದರೂ ಇವನು ಮೊದಲಿನಿಂದ ಹಾಗೇ ಇದೆ ಅನ್ನುವವನೇ.

ಎರಡು ಮುರಿದಿದ್ದರೆ ಎಂಟನ್ನೂ ಬದಲಿಸಬೇಕು. ಉಳಿದ ಆರು ಇವತ್ತಲ್ಲ ನಾಳೆ ಅದೇ ದಾರಿ ಹಿಡಿಯುತ್ತವೆ. ಕಚ್ಚಿಕೊಂಡ ಸ್ಟಡ್ಡಿಗೆ ಶಾಸ್ತ್ರ ಒಂದೇ: ಎಣ್ಣೆ ಬಿಟ್ಟು ನೆನೆಸಬೇಕು, ಗ್ಯಾಸಿನ ಉರಿಯಿಂದ ಕೆಂಪಗೆ ಸುಡಬೇಕು, ಆಮೇಲೆ ನಟ್ಟು ತಿರುಗಿಸುವ ಪಾನಾ ಹಾಕಿ ಹಿಂದೆ ಮುಂದೆ ಆಡಿಸಿ ಆಡಿಸಿ ತೆಗೆಯಬೇಕು. ಸುಡದೆ ತಿರುಗಿಸಿದರೆ ಮುರಿಯುತ್ತದೆ. ಇದನ್ನು ವಿಶ್ವನಾಥನಿಗೆ ಸಾವಿರ ಸಲ ಹೇಳಿದ್ದೇನೆ, ಅವನಿಗೆ ಗೊತ್ತಿಲ್ಲದ್ದೂ ಅಲ್ಲ. ಆ ದಿನ ಮುರಿದ ಮೂರನೆಯದು ಎಲ್ಲಕ್ಕಿಂತ ಹಿಂದೆ, ಕೈ ಹೋಗದ ಸಂದಿಯಲ್ಲಿತ್ತು. ಅವನು ಕಾರಿನ ಕೆಳಗೆ ಹಲಗೆಯ ಮೇಲೆ ಮಲಗಿ ಉರಿ ಹಿಡಿದಿದ್ದ, ನಾನು ಮೇಲಿನಿಂದ ಬಗ್ಗಿ ನೋಡುತ್ತಿದ್ದೆ. ಪುಣೆ ರಸ್ತೆಯ ಲಾರಿಗಳ ಸದ್ದು, ಗ್ಯಾಸಿನ ಭುಸ್ಸು. ನಾನು ಸುಡು ಸುಡು ಅಂದೆ. ಇವನು ಉರಿ ತೆಗೆದ. ಕೆಳಗಿನಿಂದ ಅವನಿಗೆ ಚೆನ್ನಾಗಿ ಕಾಣುತ್ತಿದೆ, ಕೆಂಪಾಗಿರಬೇಕು ಅಂದುಕೊಂಡು ತಿರುಗಿಸು ಅಂದೆ. ತಿರುಗಿಸಿದ. ಕಟ್ ಅಂತು. ಒಣಕಬ್ಬು ಮುರಿದ ಹಾಗೆ, ಇಂಜಿನ್ನಿನ ಮೈಗೆ ಸಮನಾಗಿ. ಹಿಡಿಯಲಿಕ್ಕೆ ಒಂದು ಎಳ್ಳಿನಷ್ಟು ತುದಿ ಉಳಿಯಲಿಲ್ಲ.

ಎದುರಿಗೆ ಸೇಠರು ನಿಂತಿದ್ದಾರೆ, ಪಕ್ಕದಲ್ಲಿ ಆ ಡ್ರೈವರು ಹಲ್ಲು ಬಿಡುತ್ತಿದ್ದಾನೆ. ಯಾಕಲೇ ಸುಡಲಿಲ್ಲ ಎಂದು ಕೇಳಿದೆ. ಅದಕ್ಕೆ ಅವನು ಅಂದದ್ದು, ನನ್ನ ಕಿವಿಗೆ ಬಿದ್ದ ಹಾಗೆ ಬರೆಯುತ್ತೇನೆ: ‘ನೀವೇ ಸುಡು ಅಂದ್ರಲ್ರಿ ಅಪ್ಪಾ, ನೀವ್ ಹೇಳ್ದಂಗೇ ಮಾಡೀನಿ.’ ಹೌದು, ನಾನು ಸುಡು ಅಂದದ್ದು ಖರೆ. ಅಂದಮೇಲೆ ಯಾಕೆ ಸುಡಲಿಲ್ಲ ಎಂದರೆ ಮತ್ತೆ ಅದೇ ಪಾಠ, ನೀವೇ ಅಂದ್ರಿ, ನೀವ್ ಹೇಳ್ದಂಗೇ ಮಾಡೀನಿ. ಸ್ಟಡ್ಡು ಮುರಿದದ್ದಕ್ಕೆ ನನಗೆ ಅಷ್ಟು ಸಿಟ್ಟಿರಲಿಲ್ಲ ಸಂಗಮ್ಮಾ, ನಾನೂ ಮುರಿದಿದ್ದೇನೆ, ನನ್ನ ಉಸ್ತಾದರೂ ಮುರಿದಿದ್ದರು. ಆದರೆ ತಣ್ಣಗಿನ ಸ್ಟಡ್ಡು ಕಣ್ಣೆದುರು ಇರುವಾಗ, ಹೇಳಿದ ಹಾಗೆ ಮಾಡಿದೆ ಎಂದು ಮುಖ ನೋಡಿ ಹೇಳಿದರೆ? ಕಪಾಳಕ್ಕೆ ಕೊಟ್ಟೆ. ಸುಳ್ಳುಗಾರ ಅಂದೆ. ಇನ್ನೊಮ್ಮೆ ಗ್ಯಾರೇಜಿನ ಮೆಟ್ಟಿಲು ತುಳಿಯಬೇಡ ಅಂದೆ. ಇಪ್ಪತ್ತನಾಲ್ಕು ವರ್ಷದ ಮಗನಿಗೆ ನಾಲ್ಕು ಜನರೆದುರು ಹೊಡೆಯಬಾರದಿತ್ತು ಎಂದು ನೀನು ಅಂದೆ. ಇರಬಹುದು. ಓದುವವನು ಇಲ್ಲಿ ನಿಲ್ಲಿಸಿ ಏನೋ ಹೇಳಲು ಬಾಯಿ ತೆರೆಯುತ್ತಾನೆ, ನನಗೆ ಗೊತ್ತು. ಬಾಯಿ ಮುಚ್ಚಿಕೊಂಡು ಮುಂದೆ ಓದಲಿ.

ನೀವು ಹೋದ ಮೇಲೆ ಸಾತಪುರದ ದೇವದಾಸನನ್ನು ಕರೆಸಿದೆ, ಲೇಥು ಇಟ್ಟುಕೊಂಡಿದ್ದಾನಲ್ಲ, ಅವನು. ಸಿನ್ನರ ಕಡೆಯ ಹಳ್ಳಿಯವನು, ಕೈ ಬಂಗಾರ, ಬಾಯಿ ರೇಡಿಯೋ. ಕನ್ನಡ ಒಂದಕ್ಷರ ಬಾರದು. ಕೆಲಸ ಮಾಡುತ್ತ ಮಾಡುತ್ತ ಅವನ ಅಪ್ಪನ ಪುರಾಣ ಹೇಳುತ್ತಾನೆ. ಆ ಕಡೆಯವರು ಅಪ್ಪನಿಗೆ ‘ಬಾ’ ಅನ್ನುತ್ತಾರೆ. ಆಮ್ಚಾ ಬಾ ಎತ್ತನ್ನು ಹೀಗೆ ಹಿಡಿದ, ಆಮ್ಚಾ ಬಾ ಸಾಹೇಬನಿಗೆ ಹಾಗೆ ಅಂದ, ಬೆಳಗ್ಗೆ ಒಂಬತ್ತರಿಂದ ಇದೇ. ಮೊದಲೇ ಮುರಿದಿದ್ದ ಎರಡಕ್ಕೆ ಸ್ವಲ್ಪ ಮೋಟು ಉಳಿದಿತ್ತು. ಮೋಟಿನ ಮೇಲೆ ನಟ್ಟು ಕೂರಿಸಿ ಬೆಸೆದು, ಬಿಸಿಯಿರುವಾಗಲೇ ಪಾನಾ ಹಾಕಿದೆವು. ಮೊದಲನೆಯದು ಕಿರುಗುಟ್ಟುತ್ತ ಬಂತು. ಎರಡನೆಯದು ಹಟಮಾರಿ, ಬೆಸೆದ ಬಿಸಿ ಸಾಲದು, ಸುತ್ತಲೂ ಉರಿ ಹಿಡಿಯಬೇಕಾಯಿತು. ದೇವದಾಸನ ಕೈಯಲ್ಲಿ ಉರಿ ಕೊಟ್ಟೆ. ನನ್ನ ಚಾಳಿ ನಿನಗೆ ಗೊತ್ತು. ಊರ ತುಂಬ ಮರಾಠಿಯಲ್ಲಿ ಜಗಳ ಆಡುತ್ತೇನೆ, ಹಿಂದಿಯಲ್ಲಿ ಚೌಕಾಶಿ ಮಾಡುತ್ತೇನೆ, ಆದರೆ ಕಬ್ಬಿಣ ಕೆಂಪಾಗುವ ಹೊತ್ತಿಗೆ ಬಾಯಿಗೆ ಬರುವುದು ಭಾಲ್ಕಿಯ ಮಾತೇ. ಸುಡು ಅಂದೆ. ಅವನು ಉರಿ ಹಿಂದೆ ತೆಗೆದ. ಬೆವರು ಒರೆಸಿಕೊಳ್ಳಲು ಇರಬೇಕು ಎಂದು ಸುಮ್ಮನಾದೆ. ಮತ್ತೆ ಹಿಡಿದ. ಸುಡು ಅಂದೆ. ಮತ್ತೆ ತೆಗೆದ. ಮೂರನೆಯ ಸಲ ನಾನು ಗಂಟಲು ಹರಿಯುವ ಹಾಗೆ ಸುಡೋ ಅಂದಾಗ ಅವನು ಉರಿ ನೆಲಕ್ಕೆ ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು ಹೇಳಿದ: ‘ಸೋಡ್ಲಂ ನಾ ಕಾಕಾ! ಕಿತೀ ವೇಳಾ ಸೋಡೂ?’

ಬಿಟ್ಟೆನಲ್ಲ ಕಾಕಾ, ಎಷ್ಟು ಸಲ ಬಿಡಲಿ ಅಂತ. ಸೋಡ್ ಅಂದರೆ ಮರಾಠಿಯಲ್ಲಿ ಬಿಡು.

ನಾನು ಪಾನಾ ಕೆಳಗಿಟ್ಟೆ. ಹೋಗಿ ಹಳೆಯ ಟೈರಿನ ಮೇಲೆ ಕೂತೆ. ದೇವದಾಸ ಎದೆ ಹಿಡಿದುಕೊಂಡಿತೋ ಏನೋ ಎಂದು ನೀರು ತಂದ, ಕುಡಿಯಲಿಲ್ಲ. ಆ ಮಂಗಳವಾರದ ಮಾತನ್ನು ತಲೆಯೊಳಗೆ ಮತ್ತೆ ಚಾಲೂ ಮಾಡಿ ಕೇಳಿದೆ. ‘ನೀವೇ ಸೋಡ್ ಅಂದ್ರಲ್ರಿ ಅಪ್ಪಾ.’ ಅವನು ಅಂದದ್ದು ಅದು. ನನ್ನ ಬಾಯಿಂದ ಸುಡು ಹೊರಟು ಅವನ ಕಿವಿಯಲ್ಲಿ ಸೋಡ್ ಆಯಿತು, ಅವನ ಬಾಯಿಂದ ಸೋಡ್ ಹೊರಟು ನನ್ನ ಕಿವಿಯಲ್ಲಿ ಸುಡು ಆಯಿತು. ಇಬ್ಬರೂ ಖರೆ ಹೇಳಿದ್ದೇವೆ, ಖರೆ ಹೇಳಿ ಹೇಳಿಯೇ ಮನೆ ಮುರಿದುಕೊಂಡಿದ್ದೇವೆ.

ಈಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಎಲ್ಲರ ಮೇಲೂ ಬಂದಿದೆ. ಬಿಡು ಅನ್ನುವುದಕ್ಕೆ ಈ ಮರಾಠಿಯವರಿಗೆ ಬೇರೆ ಶಬ್ದ ಸಿಗಲಿಲ್ಲವೇ? ಅದನ್ನು ಹುಡುಗನ ಕಿವಿಗೆ ಏಳು ವರ್ಷ ತುಂಬಿದ ಆ ಶಾಲೆಯ ಗುರೂಜಿಗೆ ಏನು ಹೇಳಬೇಕು? ಎಲ್ಲರಿಗಿಂತ ಹೆಚ್ಚು ನಿನ್ನ ಮೇಲೆ ಬಂದಿದೆ. ಹಪ್ಪಳ! ಆವತ್ತು ಅವನು ಕೈ ಬಿಟ್ಟದ್ದು ಯಾಕೆಂದು ನಿನಗೆ ಗೊತ್ತಿತ್ತು. ಅದಕ್ಕೇ ನಕ್ಕೆ. ನೆರೆಯ ಶಾಂತಾಬಾಯಿಯ ಕೂಡ ದಿನವೆಲ್ಲ ಮರಾಠಿ ಹರಟುವವಳು ನೀನು, ನಿನಗೆ ತಿಳಿಯದೆ ಹೋಗುತ್ತದೆಯೇ? ಹತ್ತೊಂಬತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡೆ. ಹಪ್ಪಳ ಹೋದರೆ ನಗಬಹುದು, ಇಂಜಿನ್ನು ಹೋದರೆ ನಗಲಿಕ್ಕಾಗುತ್ತದೆಯೇ? ಕೇಳಿದರೆ ನೀನು ಅನ್ನುವುದು ಗೊತ್ತು, ‘ನೀವ್ ಯಾವಾಗ್ ಕೇಳೀರಿ?’ ಸರಿ, ಕೇಳಲಿಲ್ಲ. ಕೇಳದಿದ್ದರೂ ಹೇಳಬೇಕಾದ ಮಾತುಗಳಿರುತ್ತವೆ.

ಶಿವರಾಯನ ಕಾರ್ಡು ಬುಧವಾರ ಬಂತು, ಮರಾಠಿಯಲ್ಲಿ. ಚಿಕಲಠಾಣಾದ ಯಾವುದೋ ಕಾರ್ಖಾನೆಯಲ್ಲಿ ಅಕ್ಕನ ಮಗನಿಗೆ ಕೆಲಸ ಗೊತ್ತುಮಾಡಿದ್ದೇನೆ, ಹದಿನೆಂಟನೆಯ ತಾರೀಖಿಗೆ ಹಾಜರಾಗುತ್ತಾನೆ, ನೀವು ಚಿಂತೆ ಮಾಡಬೇಡಿರಿ ಎಂದು ಬರೆದಿದ್ದಾನೆ. ನಾನು ಚಿಂತೆ ಮಾಡುತ್ತೇನೋ ಬಿಡುತ್ತೇನೋ ಹೇಳಲು ಇವನು ಯಾರು? ಅಲ್ಲಿ ಏನು ಕೆಲಸ, ಕೇಳಿದ್ದೀಯಾ? ಭೋಂಗಾ ಊದಿದಾಗ ಒಳಗೆ, ಊದಿದಾಗ ಹೊರಗೆ, ನಡುವೆ ಒಂದೇ ನಟ್ಟನ್ನು ಸಾವಿರ ಸಲ ಬಿಗಿಯುವುದು. ಯಾವ ಇಂಜಿನ್ನಿನ ನಟ್ಟು ಎಂಬುದೂ ಗೊತ್ತಾಗುವುದಿಲ್ಲ. ಕಣ್ಣು ಮುಚ್ಚಿ ಸದ್ದಿನಿಂದ ಯಾವ ವಾಲ್ವು ಸಡಿಲ ಎಂದು ಹೇಳುವ ಹುಡುಗನಿಗೆ ಈ ಕೆಲಸ. ಕಲಿಸಿದ್ದು ನಾನು, ಅದಕ್ಕೇ ಹೊಟ್ಟೆ ಉರಿಯುತ್ತದೆ.

ಕಾರಿನ ಸುದ್ದಿ ಇಷ್ಟು. ಉಳಿದ ಐದು ಸ್ಟಡ್ಡುಗಳನ್ನೂ ಮುರಿಯದೆ ತೆಗೆದೆವು. ದೇವದಾಸನಿಗೆ ಈಗ ಉರಿ ಹಿಡಿ, ಉರಿ ತೆಗೆ ಎಂದು ಮರಾಠಿಯಲ್ಲಿ ಹೇಳುತ್ತೇನೆ, ಬಾಯಿಗೆ ಬರದಿದ್ದರೆ ಕೈ ಎತ್ತಿ ಸನ್ನೆ ಮಾಡುತ್ತೇನೆ. ಹಳೆಯ ಲಾರಿಯ ಆಕ್ಸಲ್ಲಿನ ಉಕ್ಕಿನಿಂದ ಎಂಟು ಹೊಸ ಸ್ಟಡ್ಡು ಕಡೆದುಕೊಟ್ಟಿದ್ದಾನೆ, ಮೈಮೇಲಿನ ತಿರುಪಿನ ಗೆರೆ, ಅದೇ ಚೂಡಿ, ನೋಡಿದರೆ ಮುತ್ತಿನ ಸರ. ಇನ್ನೊಮ್ಮೆ ಕಚ್ಚಿಕೊಳ್ಳದಿರಲಿ ಎಂದು ನಟ್ಟುಗಳನ್ನು ಹಿತ್ತಾಳೆಯಲ್ಲಿ ಮಾಡಿಸಿದ್ದೇನೆ. ಮೆನಿಫೋಲ್ಡಿನ ಮೈ ಬಾಗಿತ್ತು, ಕಾನಸು ಹಾಕಿ ಉಜ್ಜಿ ಸಮ ಮಾಡಿದ್ದೇನೆ. ಎಲ್ಲ ಸಿದ್ಧವಿದೆ. ಕೂಡಿಸಿಲ್ಲ. ಆ ಮೂರನೆಯದು ಹಾಗೇ ಒಳಗಿದೆ. ಶಿವರಾತ್ರಿಗೆ ಇದೇ ಕಾರಿನಲ್ಲಿ ತ್ರ್ಯಂಬಕಕ್ಕೆ ಹೋಗಬೇಕು ಎಂದು ಸೇಠರು ದಿನಕ್ಕೆರಡು ಸಲ ಡ್ರೈವರನನ್ನು ಅಟ್ಟುತ್ತಾರೆ. ಇಲ್ಲದಿದ್ದರೆ ಮುಂಬಯಿಗೆ ಎಳೆಸಿಕೊಂಡು ಹೋಗುತ್ತಾರಂತೆ. ಎಳೆಸಲಿ. ತ್ರ್ಯಂಬಕದ ಶಿವ ಟರ್ಬೊದಲ್ಲಿ ಬಂದವರಿಗೆ ಮೊದಲು ದರ್ಶನ ಕೊಡುತ್ತಾನೆಯೇ?

ಇದರಲ್ಲಿ ತಪ್ಪು ಯಾರದೆಂದು ನೀನೇ ನೋಡು. ನನ್ನದಲ್ಲ, ನಾನು ಸರಿಯಾಗಿ ಹೇಳಿದೆ. ಅವನದೂ ಅಲ್ಲ, ಕೇಳಿಸಿದ ಹಾಗೆ ಮಾಡಿದ. ಎರಡು ಭಾಷೆಗಳ ಮಧ್ಯೆ ಒಂದು ಸ್ಟಡ್ಡು ಮುರಿಯಿತು, ಅಷ್ಟೇ. ಇದನ್ನು ತಿಳಿಸಲು ಬರೆದೆ.

ಮನೋರಮಾಳಿಗೂ ಮಕ್ಕಳಿಗೂ ಆಶೀರ್ವಾದ. ಶಿವರಾಯನಿಗೆ ಬೀಡಿ ಬಿಡು ಎಂದು ಹೇಳು, ಮರಾಠಿಯಲ್ಲೇ ಹೇಳು. ನಿನ್ನ ಬಿಳಿ ಬೆಕ್ಕು ನನ್ನ ಹಾಸಿಗೆಯ ಮೇಲೆ ಮಲಗುತ್ತದೆ, ಓಡಿಸಿಲ್ಲ. ಬಸವಣ್ಣ ಎಲ್ಲರನ್ನೂ ಚೆನ್ನಾಗಿಟ್ಟಿರಲಿ.

ಇಂತಿ,
ಗುರುಲಿಂಗಪ್ಪ

ತಾ. ಕ.: ಡಬ್ಬಿಗೆ ಹಾಕಲು ಹೋಗಿ ಅರ್ಧದಾರಿಯಿಂದ ತಿರುಗಿ ಬಂದು ಇದನ್ನು ಬರೆಯುತ್ತಿದ್ದೇನೆ, ಐದೂವರೆಗೆ ಟಪಾಲು ತೆಗೆಯುತ್ತಾರೆ. ಇದು ಓದುವವನಿಗೆ. ಸ್ಟಡ್ಡು ಭಾಷೆಯಿಂದ ಮುರಿಯಿತು ಎಂದು ಮೇಲೆ ಬರೆದಿದ್ದೇನೆ. ಅದು ನಿಜ. ಆದರೆ ನಿನಗೆ ಸುಳ್ಳುಗಾರ ಅಂದದ್ದು ಭಾಷೆಯ ತಪ್ಪಲ್ಲ. ಅದನ್ನು ನಾನು ಕನ್ನಡದಲ್ಲಿ ಅನ್ನಲಿಲ್ಲ, ಸೇಠರಿಗೂ ಡ್ರೈವರನಿಗೂ ತಿಳಿಯಲಿ ಎಂದು ಬೇಕೆಂದೇ ಮರಾಠಿಯಲ್ಲಿ ಖೋಟಾರಡಾ ಅಂದೆ. ಅದು ನಿನಗೂ ಸರಿಯಾಗಿಯೇ ಕೇಳಿಸಿತು. ನಿನ್ನೆ ಅವರಿಬ್ಬರನ್ನೂ ಕರೆಸಿ, ಅದೇ ಜಾಗದಲ್ಲಿ ನಿಲ್ಲಿಸಿ, ಮರಾಠಿಯಲ್ಲೇ ಹೇಳಿದೆ: ‘ಪೋರಗಾ ಖರಂ ಬೋಲಲಾ. ಚೂಕ ಮಾಝೀ.’ ಹುಡುಗ ಖರೆ ಹೇಳಿದ, ತಪ್ಪು ನನ್ನದು ಎಂದು. ದೇವದಾಸ ಸಾಕ್ಷಿ. ಡ್ರೈವರು ಹಲ್ಲು ಬಿಡಲಿಲ್ಲ. ಇನ್ನೊಂದು, ಇದನ್ನು ಅವ್ವನಿಗೆ ಮೆಲ್ಲಗೆ ಹೇಳು. ಬಸಿಗಳಲ್ಲಿ ದೋಷವಿಲ್ಲ. ದೀಪಾವಳಿಯಿಂದ ನನ್ನ ಬಲಗೈ ನಡುಗುತ್ತದೆ, ಅದಕ್ಕೇ ಆವತ್ತು ಕೆಳಗೆ ನಿನ್ನನ್ನು ಮಲಗಿಸಿ ನಾನು ಮೇಲೆ ನಿಂತದ್ದು. ಮೂರನೆಯ ಸ್ಟಡ್ಡಿನ ನಡುವಿಗೆ ಸರಿಯಾಗಿ ಡ್ರಿಲ್ಲು ಇಳಿಸಬೇಕು, ಕೂದಲೆಳೆ ಜಾರಿದರೆ ಇಂಜಿನ್ನಿನ ಚೂಡಿ ಹೋಗುತ್ತದೆ. ಗುರುತು ಹಾಕಲು ಹೋಗಿ ಎರಡು ಸಲ ಕೈ ಹಿಂದೆ ತೆಗೆದೆ. ಅದು ನಿನ್ನ ಕೈಯ ಕೆಲಸ. ಸೇಠರಿಗೆ ಹಾಗೇ ಹೇಳಿದ್ದೇನೆ, ಗುರುವಾರದವರೆಗೆ ಕಾಯುತ್ತಾರಂತೆ. ಇನ್ನು ಮೇಲೆ ಈ ಗ್ಯಾರೇಜಿನಲ್ಲಿ ಸುಡು ಎಂಬ ಶಬ್ದ ಇಲ್ಲ, ಕಾಯಿಸು ಅನ್ನುತ್ತೇನೆ, ಅದು ಮರಾಠಿಯಲ್ಲಿ ಏನಾದರೂ ಆಗುತ್ತದೆಯೋ ನೋಡಿ ಹೇಳು. ಕೊನೆಗೆ ಒಂದೇ ಅಕ್ಷರ ಬರೆಯುತ್ತೇನೆ. ಅದನ್ನು ಕನ್ನಡದಲ್ಲಿ ಓದುತ್ತೀಯೋ, ದೇವದಾಸನ ಊರಿನವರ ಹಾಗೆ ಓದುತ್ತೀಯೋ, ನಿನಗೆ ಬಿಟ್ಟದ್ದು. ಈ ಸಲ ಯಾವ ರೀತಿ ತಿಳಿದರೂ ತಪ್ಪಾಗುವುದಿಲ್ಲ.

ಬಾ